ಹನುಮವ್ವನ ಅಗೆಯದ ಮಡಿಗಳು

ನಾನು ನಿವೃತ್ತನಾದ ಮೇಲೆ, ಕಂಪನಿ ಕ್ಯಾಂಪಸ್ಸುಗಳ ತೋಟದ ಕೆಲಸಕ್ಕೆ ಸೇರಿದ ಹೊಸಬರು ಆಗಾಗ ಫೋನ್ ಮಾಡುತ್ತಾರೆ. ಯೋಗಕ್ಷೇಮ ವಿಚಾರಿಸುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: "ಸಾರ್, ತರಕಾರಿ ಮಡಿಗೆ ಎಷ್ಟು ಆಳ ಅಗೀಬೇಕು?" ಅಗೆಯಲೇ ಬೇಡಿ ಅಂದರೆ ನಂಬುವುದಿಲ್ಲ. ಮುದುಕನಿಗೆ ಅರಳುಮರಳು ಅಂದುಕೊಂಡು ಫೋನ್ ಇಟ್ಟವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅರ್ಧ ಆಯುಷ್ಯ ಹಾಗೆಯೇ ಇದ್ದವನು. ಅಗೆಯದೆ ತರಕಾರಿ ಬೆಳೆಯುತ್ತೇವೆ ಅಂದವರನ್ನು ಮೈಗಳ್ಳರು ಅಂತ ಬೈದವನು. ಆ ಹಟ ಹೇಗೆ ಬಿಟ್ಟುಹೋಯಿತು, ಬಿಡುವ ಮೊದಲು ಒಬ್ಬ ಹೆಂಗಸಿನ ಕೆಲಸಕ್ಕೆ ಹೇಗೆ ಸಂಚಕಾರ ತಂದಿತ್ತು ಅನ್ನುವುದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಹೆಬ್ಬಗೋಡಿ ಪಕ್ಕದ ಹಳ್ಳಿ. ಕೆಂಪು ಮಣ್ಣು, ರಾಗಿ, ಅವರೆ. ಉಳುವುದು, ಅಗೆಯುವುದು ಬಿಟ್ಟರೆ ಬೇರೆ ಬೇಸಾಯ ಉಂಟು ಅಂತಲೇ ನಮಗೆ ಗೊತ್ತಿರಲಿಲ್ಲ. ಆ ಮೇಲೆ ನನ್ನನ್ನು ತೋಟದವನನ್ನಾಗಿ ಮಾಡಿದವರು ವೈಟ್‌ಫೀಲ್ಡಿನ ಅಂತೋಣಿ ಮೇಸ್ತ್ರಿ. ಅಲ್ಲಿ ಇನ್ನೂ ಹೆಂಚಿನ ಬಂಗಲೆಗಳೂ ಅವುಗಳ ಹಿಂದೆ ದೊಡ್ಡ ಹಿತ್ತಲುಗಳೂ ಇದ್ದ ಕಾಲ. ಮೇಸ್ತ್ರಿಗೆ ಅಗೆತ ಅಂದರೆ ಪೂಜೆ. ಎರಡು ಸನಿಕೆ ಆಳ ಅಗೆಸಿ, ಹೆಂಟೆ ಒಡೆಸಿ, ಗೊಬ್ಬರ ಬೆರೆಸಿ, ಆಮೇಲೆ ತಮ್ಮ ಕೊಡೆಯ ತುದಿಯನ್ನು ಮಡಿಯೊಳಗೆ ಒತ್ತುತ್ತಿದ್ದರು. ಕೊಡೆ ಹಿಡಿಯವರೆಗೆ ಇಳಿಯಬೇಕು. ಇಳಿಯದಿದ್ದರೆ ತಣ್ಣಗೆ, "ಮುನಿರಾಜು, ಕೊಡೆ ನಿಂತೋಯ್ತಲ್ಲಪ್ಪ. ಎಲ್ಲಾ ಬಿಚ್ಚು, ಇನ್ನೊಂದ್ಸಲ ಮಾಡು" ಅನ್ನುತ್ತಿದ್ದರು. ಎಷ್ಟೋ ಸಂಜೆ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡು ಮನೆಗೆ ಹೋಗಿದ್ದೇನೆ. ಆದರೂ ಆ ಮನುಷ್ಯನ ಮೇಲೆ ನನಗೆ ದೇವರಷ್ಟು ಭಕ್ತಿ. ಅವರ ಕೈಯಲ್ಲಿ ಕಲಿತವನು ಅಂತ ಹೇಳಿಕೊಂಡೇ ನಾನು ಮುಂದೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿಗೆ ತೋಟದ ಸೂಪರ್‌ವೈಸರ್ ಆಗಿ ಸೇರಿದೆ.

ಸೇರಿದ ಮೊದಲ ತಿಂಗಳೇ ಕೈ ತೋರಿಸಿದೆ. ಎರಡನೇ ಬ್ಲಾಕಿನ ಪಕ್ಕ ಗುಲಾಬಿ ಹಾಕಲು ಅಗೆಯುತ್ತಿದ್ದೆವು. ಎರಡು ಸನಿಕೆ ಆಳಕ್ಕೆ ಬಂದಾಗ ಕಪ್ಪಗೆ, ಹೆಬ್ಬೆರಳು ದಪ್ಪದ ಬೇರೊಂದು ಅಡ್ಡ ಸಿಕ್ಕಿತು. ಕೂಲಿಯವನು ಹಿಂದೆಮುಂದೆ ನೋಡಿದ. "ಇಂಗೆ ಕೊಡೋ ಪಿಕಾಸಿ" ಅಂತ ಕಸಿದುಕೊಂಡು ಎರಡೇ ಏಟಿಗೆ ಕಡಿದೆ. ಸ್ವಲ್ಪ ಹೊತ್ತಿಗೆ ಆ ಬ್ಲಾಕಿನ ಬಾಗಿಲುಗಳಿಂದ ಜನ ಕಾಫಿ ಕಪ್ಪು ಹಿಡಿದುಕೊಂಡು ಸಾಲಾಗಿ ಹೊರಗೆ ಬಂದು ನಿಂತರು. ಪರವಾಗಿಲ್ಲವೇ, ಅಗೆತ ನೋಡಲು ಇಂಜಿನಿಯರುಗಳು ಬಂದರಲ್ಲ ಅಂತ ನಾನು ಇನ್ನೂ ಎರಡೇಟು ಜೋರಾಗಿ ಹಾಕಿದೆ. ಅದು ಬೇರಲ್ಲ, ಇಂಟರ್ನೆಟ್ಟಿನ ಕೇಬಲ್ಲು ಅಂತ ತಿಳಿಯುವ ಹೊತ್ತಿಗೆ ಸೆಕ್ಯೂರಿಟಿಯವರು ನನ್ನ ಸುತ್ತ ನಿಂತಿದ್ದರು. ಕೆಲಸ ಉಳಿದದ್ದು ನನ್ನ ಪುಣ್ಯ. ಅಂದಿನಿಂದ ಕ್ಯಾಂಪಸ್ಸಿನಲ್ಲಿ ಅರ್ಧ ಅಡಿಗಿಂತ ಕೆಳಗೆ ಅಗೆಯಬೇಕಾದರೆ ನಾಲ್ಕು ಜನರ ಸಹಿ ಬೇಕು ಅಂತ ನಿಯಮವಾಯಿತು. ಆ ನಿಯಮಕ್ಕೆ ನನ್ನ ಹೆಸರಿಟ್ಟು ಕರೆಯುವವರೂ ಇದ್ದರು.

ಹೀಗಿರುವಾಗ ವಸುಧಾ ಮೇಡಂ ಆಡಳಿತ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಕಟ್ಟುನಿಟ್ಟಿನ ಹೆಂಗಸು. ಮಾತು ಕಡಿಮೆ, ಕೇಳುವ ಪ್ರಶ್ನೆಗಳು ಮಾತ್ರ ಸೂಜಿಯ ಹಾಗೆ. ಕ್ಯಾಂಟೀನಿನ ಹಿಂದಿನ ಖಾಲಿ ಜಾಗದಲ್ಲಿ ತರಕಾರಿ ಬೆಳೆದು ಕ್ಯಾಂಟೀನಿಗೇ ಕೊಡಬೇಕು ಅನ್ನುವುದು ಅವರ ಆಸೆ. ಜಾಗ ನೋಡಲು ನನ್ನನ್ನು ಕರೆದುಕೊಂಡು ಹೋದರು. ನಾನು ಹಾರೆ ಹಾಕಿದೆ. ಗೇಣು ಇಳಿಯುವಷ್ಟರಲ್ಲಿ ಠಣ್ ಅಂತ ನಿಂತಿತು.

"ಆಗಲ್ಲ ಮೇಡಂ. ಜೆಸಿಬಿ ತರಿಸಿ ಮೂರಡಿ ತೆಗೆಸ್ಬೇಕು. ಅಂಗೇ ಹೊಸಾ ಮಣ್ಣು ತುಂಬಿಸ್ಬೇಕು" ಅಂದೆ.

"ಜೆಸಿಬಿನಾ? ಕೆಳಗೆ ಏನೇನು ಲೈನ್ ಹೋಗಿದೆಯೋ. ನಿಮ್ಮ ಕೈಗೆ ಜೆಸಿಬಿ ಕೊಡೋಕೆ ನನಗೆ ಧೈರ್ಯ ಇಲ್ಲ ಮುನಿರಾಜು" ಅಂದರು.

ಅಲ್ಲೇ ಕಸ ಗುಡಿಸುತ್ತಿದ್ದ ಹನುಮವ್ವ ಪೊರಕೆ ನಿಲ್ಲಿಸಿದಳು. ಅವಳು ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯವಳು. ಇದೇ ಕ್ಯಾಂಟೀನ್ ಕಟ್ಟಡಕ್ಕೆ ಕಾಂಕ್ರೀಟು ಹೊರಲು ಬಂದವಳು, ಕಟ್ಟಡ ಮುಗಿದ ಮೇಲೆ ತೋಟದ ಗುತ್ತಿಗೆಯಲ್ಲಿ ಉಳಿದುಕೊಂಡಿದ್ದಳು. ಹೆಬ್ಬಗೋಡಿಯಲ್ಲಿ ಒಂದು ಬಾಡಿಗೆ ಕೋಣೆ, ಇಬ್ಬರು ಹೆಣ್ಣುಮಕ್ಕಳು. ಆ ಮನೆ ನಡೆಯುತ್ತಿದ್ದದ್ದು ಅವಳ ಕೊರಳಲ್ಲಿ ನೇತಾಡುವ ಗೇಟ್ ಪಾಸಿನಿಂದ.

"ಈ ನೆಲದಾಗ ಏನೈತಿ ಅಂತ ನನಗ ಗೊತ್ತೈತ್ರಿ ಬಾಯಾರ. ನಾನ ತುಂಬೀನಿ. ಒಡದ ಇಟ್ಟಂಗಿ, ಸಿಮಿಟಿನ ಹೆಂಟಿ. ಅದನ್ನ ಅಗದ್ರ ಅದ ಬರ್ತೈತಿ. ಅಗಿಯೂದ್ಯಾಕ್ರಿ? ಮ್ಯಾಲ ಕಟ್ಟೋಣ್ರಿ."

"ಮೇಲೆ ಅಂದ್ರೆ?" ಮೇಡಂ ಕೇಳಿದರು.

"ಹುಲ್ಲಿನ ಮ್ಯಾಲ ರಟ್ಟು ಹಾಸೂದು, ಅದರ ಮ್ಯಾಲ ಕಟಗಿ, ಎಲಿ, ಗೊಬ್ಬರ. ಕೆಳಗಿಂದ ಕೆಳಗ ಇರ್ಲಿ."

ನನಗೆ ನಗು ಬಂತು. ಸಿಟ್ಟೂ ಬಂತು. "ಏನಮ್ಮ ನೀನು, ಅಗೀದೆ ಮಡಿ ಮಾಡದಾ? ಬೇರು ಎಲ್ಲಿಗ್ ಓಯ್ತದೆ?"

ಅದಕ್ಕೆ ಅವಳು ಹೇಳಿದ ಮಾತು ನನ್ನ ಮಟ್ಟಿಗೆ ಪಾಠವೇ. "ನಮ್ಮದು ಎರಿ ಹೊಲ, ಕರಿ ಮಣ್ಣು ಅಣ್ಣಾರ. ಬ್ಯಾಸಗ್ಯಾಗ ಕಾಲು ಸಿಗೂವಷ್ಟು ಬಿರಿತೈತಿ. ಮ್ಯಾಲಿನ ಮಣ್ಣು ಆ ಬಿರಕಿನ್ಯಾಗ ತಾನ ಬೀಳ್ತೈತಿ. ಮಳಿ ಬಂದ್ರ ಮತ್ತ ಮುಚ್ಚಕೋತೈತಿ. ಮಣ್ಣು ತನ್ನ ಕೆಲಸ ತಾನ ಮಾಡ್ಕೊಳ್ಳೂದನ್ನ ನೋಡಿ ಬೆಳದಾಕಿ ನಾ. ನೀವು ಕೆಂಪು ನೆಲದವ್ರು, ಅದಕ್ಕ ನಂಬಿಕಿ ಇಲ್ಲ ನಿಮಗ."

ಮೇಡಂ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ನಾಲ್ಕು ಮಡಿ ಮಾಡಿ ತೋರಿಸಿ ಹನುಮವ್ವ" ಅಂದರು. ನನ್ನ ಮುಖ ಸೊಟ್ಟಗಾದದ್ದು ಅವರಿಗೆ ಕಂಡಿರಬೇಕು.

ಆ ನಾಲ್ಕು ಮಡಿಗಳನ್ನು ಅವಳು ಕಟ್ಟಿದ ರೀತಿಯನ್ನು ಈಗ ಕೆಲಸಕ್ಕೆ ಬರುವವರು ಗಮನವಿಟ್ಟು ಓದಬೇಕು. ಮೊದಲು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಅಲ್ಲೇ ಬಿಟ್ಟಳು. ಬೇರು ಕೀಳಲಿಲ್ಲ. ಹಾರೆ ಹಿಡಿದು ಅಲ್ಲಲ್ಲಿ ಚುಚ್ಚಿ, ಇಳಿದಷ್ಟು ಇಳಿಸಿ, ಸ್ವಲ್ಪ ಅಲುಗಾಡಿಸಿ ಹೊರಗೆ ತೆಗೆದಳು. ಮಣ್ಣು ಮಗುಚಲಿಲ್ಲ. ಅವಳ ಪ್ರಕಾರ ಅಗೆತ ಅಂದರೆ ಅಷ್ಟೇ, ನೀರಿಗೂ ಎರೆಹುಳಕ್ಕೂ ದಾರಿ. ಆಮೇಲೆ ನೆಲಕ್ಕೆ ಚೆನ್ನಾಗಿ ನೀರು ಕುಡಿಸಿದಳು. ಕಂಪ್ಯೂಟರುಗಳು ಬರುವ ರಟ್ಟಿನ ಪೆಟ್ಟಿಗೆಗಳು ಸ್ಟೋರಿನ ಹಿಂದೆ ಗುಡ್ಡೆಯಾಗಿ ಬಿದ್ದಿರುತ್ತಿದ್ದವು. ಅವುಗಳನ್ನು ತಂದು, ಕೂತು, ಒಂದೊಂದು ಪ್ಲಾಸ್ಟಿಕ್ ಟೇಪು, ಒಂದೊಂದು ಪಿನ್ನು ಕಿತ್ತಳು. ಮಿರುಗುವ ಬಣ್ಣದ ರಟ್ಟನ್ನು ಪಕ್ಕಕ್ಕೆ ಎಸೆದಳು. "ಇದನ್ನ ಹುಳ ತಿನ್ನಾಂಗಿಲ್ರಿ" ಅಂದಳು. ರಟ್ಟುಗಳನ್ನು ಒಂದರ ಮೇಲೆ ಒಂದು ಗೇಣು ಏರುವಂತೆ ಹಾಸಿ, ಅವು ಹಸಿ ರೊಟ್ಟಿಯ ಹಾಗೆ ಮೆತ್ತಗಾಗುವವರೆಗೆ ನೆನೆಸಿದಳು. ಎರಡು ರಟ್ಟಿನ ನಡುವೆ ಬೆರಳು ತೂರುವಷ್ಟು ಸಂದು ಉಳಿದರೂ ಗರಿಕೆ ಅಲ್ಲಿಂದಲೇ ತಲೆ ಎತ್ತುತ್ತದೆ. ಅವಳು ಮಂಡಿಯೂರಿ ಒಂದೊಂದು ಸಂದನ್ನೂ ಹಳೇ ಕಾಗದದ ಚೂರುಗಳಿಂದ ಮುಚ್ಚುತ್ತಿದ್ದಳು.

ಸುತ್ತ ಚೌಕಟ್ಟಿಗೆ ಯಂತ್ರಗಳು ಬರುವ ಪ್ಯಾಕಿಂಗ್ ಮರದ ಹಲಗೆ. ಒಳಗೆ ತಳದಲ್ಲಿ ಮಳೆಮರದ ಒಣ ಕೊಂಬೆ, ಕ್ಯಾಂಟೀನಿನ ತೆಂಗಿನ ಚಿಪ್ಪು. ಅದರ ಮೇಲೆ ಒಣ ಎಲೆ, ಅದರ ಮೇಲೆ ಹಸಿರು ಸೊಪ್ಪುಸದೆ, ತೆಳುವಾಗಿ ತರಕಾರಿ ಸಿಪ್ಪೆ, ಮತ್ತೆ ಎಲೆ. ಪ್ರತಿ ಪದರಕ್ಕೂ ನೀರು. ಕೊನೆಗೆ ಅರ್ಧ ಅಡಿ ಹಳೇ ತಿಪ್ಪೆ ಗೊಬ್ಬರ ಬೆರೆಸಿದ ಮಣ್ಣು. ತುಂಬಿದ ಕೂಡಲೇ ಬಿತ್ತಲು ನಾನು ಅವಸರ ಮಾಡಿದೆ. ಅವಳು ಮೊಣಕೈವರೆಗೆ ಕೈಯನ್ನು ಮಡಿಯೊಳಗೆ ತೂರಿಸಿ, "ಇನ್ನ ಬಿಸಿ ಐತ್ರಿ. ಜ್ವರ ಇಳೀಲಿ" ಅಂದಳು. ಹದಿನೈದು ದಿನ ಕಾದಳು. ಮಡಿ ಒಂದು ಗೇಣು ಕುಸಿಯಿತು. ನಾನು ಒಳಗೊಳಗೇ ಖುಷಿಪಟ್ಟೆ. ಅವಳು ಏನೂ ಆಗಲಿಲ್ಲವೆಂಬಂತೆ ಮತ್ತೆ ಮೇಲಕ್ಕೆ ಗೊಬ್ಬರಮಣ್ಣು ತುಂಬಿಸಿದಳು. ನಾಲ್ಕೂ ಮಡಿಗಳಿಗೆ ಬೀನ್ಸು, ಬದನೆ, ಟೊಮೇಟೊ ಹಾಕಿ, ಮೂಲೆಗಳಲ್ಲಿ ಮಾತ್ರ ಊರಿಂದ ತಂದ ಬಿಳಿಜೋಳದ ನಾಲ್ಕು ನಾಲ್ಕು ಕಾಳು ಊರಿದಳು. ಅವರ ಕಡೆ ಹೊಲದಲ್ಲಿ ಒಂದೇ ಬೆಳೆ ಹಾಕುವುದಿಲ್ಲ, ಜೊತೆಗೆ ಅಕ್ಕಡಿ ಅಂತ ಇನ್ನೊಂದಿರಬೇಕು. ಕ್ಯಾಂಟೀನಿನ ತೋಟಕ್ಕೆ ಜೋಳ ಯಾಕೆ ಅಂತ ನಾನು ಗೊಣಗಿದೆ.

ಬೆಳೆ ಬಂದ ರೀತಿ ನೋಡಿ ನಾನು ಗೊಣಗುವುದನ್ನು ನಿಲ್ಲಿಸಿದೆ. ಅಂಥ ಬದನೆಯನ್ನು ನಾನು ಅಂತೋಣಿ ಮೇಸ್ತ್ರಿಯ ತೋಟದಲ್ಲೂ ಕಂಡಿರಲಿಲ್ಲ. ಯಾರೂ ಇಲ್ಲದಾಗ ಒಂದು ಕೋಲು ತಂದು ಮಡಿಗೆ ಚುಚ್ಚಿದೆ. ಕೈಗೆ ಭಾರವೇ ತಿಳಿಯದ ಹಾಗೆ ಬುಡದವರೆಗೆ ಇಳಿಯಿತು. ಕೋಲು ಎಳೆದಾಗ ತುದಿಯಲ್ಲಿ ಎರೆಹುಳ ಅಂಟಿಕೊಂಡಿತ್ತು. ಖುಷಿಪಡಬೇಕಾದ ಹೊತ್ತು. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಅದೇ ಮೂಲ.

ಮೇಡಂ ಇನ್ನೂ ಎಂಟು ಮಡಿ ಮಾಡಿ ಅಂದರು. ಅಷ್ಟಕ್ಕೆ ಸೊಪ್ಪುಸದೆ ಸಾಲಲಿಲ್ಲ. "ಲಾನಿನ ಹುಲ್ಲು ಗುಡ್ಡೆ ಬಿದ್ದೈತೆ, ತುಂಬ್ಕೊ" ಅಂತ ನಾನೇ ಎರಡು ಟ್ರೈಲರ್ ಕಳಿಸಿದೆ. ಮುಂಬಾಗಿಲ ಲಾನು ನನ್ನ ಹೆಮ್ಮೆ. ಆ ತಿಂಗಳು ಅದರಲ್ಲಿ ಹುಳಿಸೊಪ್ಪಿನಂಥ ಅಗಲ ಎಲೆಯ ಕಳೆ ಎದ್ದಿತ್ತು. ದೊಡ್ಡವರ ಭೇಟಿ ಇತ್ತು, ಕಳೆ ಕೀಳಿಸಲು ಹೊತ್ತಿರಲಿಲ್ಲ. ನಾನು ಕಳೆನಾಶಕ ಹೊಡೆದಿದ್ದೆ. ಹುಲ್ಲನ್ನು ಬಿಟ್ಟು ಅಗಲ ಎಲೆಯವನ್ನು ಮಾತ್ರ ಕೊಲ್ಲುವ ಔಷಧಿ ಅದು. ಹೊಡೆದ ಲಾನಿಗೆ ಕೆಂಪು ಬಾವುಟ ಸಿಕ್ಕಿಸಬೇಕು, ಅಲ್ಲಿ ಕತ್ತರಿಸಿದ ಹುಲ್ಲನ್ನು ಬೇರೆಡೆ ಬಳಸಬಾರದು ಅನ್ನುವ ನಿಯಮವಿತ್ತು. ಭೇಟಿಗೆ ಬರುವವರ ಮುಂದೆ ಕೆಂಪು ಬಾವುಟ ಚೆನ್ನಾಗಿ ಕಾಣುವುದಿಲ್ಲವೆಂದು ನಾನು ಸಿಕ್ಕಿಸಲಿಲ್ಲ. ಹುಲ್ಲಿನ ವಿಷಯ ತಲೆಯಿಂದಲೇ ಜಾರಿಹೋಯಿತು.

ಮೊದಲ ನಾಲ್ಕರ ಹಾಗೆಯೇ, ಮೂಲೆಯ ಜೋಳವೂ ಸೇರಿ, ಬಿತ್ತಿದ್ದ ಎಂಟೂ ಮಡಿಗಳಲ್ಲಿ ಬೀನ್ಸು ಮೊಳೆಯಿತು, ಮೊಳೆತು ತಿರುಚಿಕೊಂಡಿತು. ಎಲೆಗಳು ಮುದುಡಿ ಬಟ್ಟಲಾದವು, ಕಾಂಡ ಹಗ್ಗದ ಹಾಗೆ ಹೊಸೆದುಕೊಂಡಿತು. ಟೊಮೇಟೊ ಗಿಡವೂ ಹಾಗೇ. ಹನುಮವ್ವ ಗಿಡದಿಂದ ಗಿಡಕ್ಕೆ ಹೋಗಿ ಎಲೆ ಬಿಡಿಸಿ ನೋಡುತ್ತಿದ್ದಳು, ಹುಳ ಇಲ್ಲ, ಚುಕ್ಕೆ ಇಲ್ಲ. ಅವಳು ಅಷ್ಟು ಮಂಕಾಗಿದ್ದನ್ನು ನಾನು ನೋಡಿರಲಿಲ್ಲ. ಮೇಡಂ ಬಂದರು.

"ಏನಾಯ್ತು ಮುನಿರಾಜು?"

"ಅಗೀಲಿಲ್ಲ ಮೇಡಂ, ಅದಕ್ಕೇ" ಅಂದೆ. ಬಾಯಿಂದ ತಾನಾಗಿ ಬಂತು. ಆ ಕ್ಷಣಕ್ಕೆ ನಾನು ಅದನ್ನು ನಂಬಿದ್ದೆ ಕೂಡ. ಇಷ್ಟು ವರ್ಷದ ಮೇಲೆ ಅಂತೋಣಿ ಮೇಸ್ತ್ರಿಯ ಕೊಡೆ ಗೆದ್ದಿತು ಅನ್ನಿಸಿತು.

"ಮೊದಲ ನಾಲ್ಕು ಚೆನ್ನಾಗೇ ಬಂದಿದ್ವಲ್ಲ?"

"ಅದು ಅದೃಷ್ಟ ಮೇಡಂ."

ಅವರು ಒಂದು ನಿಟ್ಟುಸಿರು ಬಿಟ್ಟು, ಹೊರಗಿನ ತೋಟದ ಕಂಟ್ರಾಕ್ಟರಿಗೆ ಈ ಜಾಗ ಕೊಟ್ಟುಬಿಡೋಣ, ಅವರ ಜನ ಬರುತ್ತಾರೆ, ಹನುಮವ್ವನ ಪಾಸು ಈ ತಿಂಗಳ ಕೊನೆಗೆ ವಾಪಸು ಬರೆಯಿರಿ ಅಂದರು. ನಾನು ಶೆಡ್ಡಿಗೆ ಬಂದು ಫಾರಂ ತುಂಬಿದೆ. ಫಾರಂ ಇಂಗ್ಲಿಷಿನದು, ಕಾರಣದ ಜಾಗದಲ್ಲಿ ನನ್ನ ಕನ್ನಡ: 'ಅಗೆಯದೆ ಮಡಿ ಮಾಡಿ ಬೆಳೆ ಹಾಳು ಮಾಡಿರುತ್ತಾರೆ. ಇವರ ಅಗತ್ಯ ಇರುವುದಿಲ್ಲ.' ಸಹಿ ಹಾಕಿ, ತಿಂಗಳ ಕೊನೆಗೆ ಮೇಲಕ್ಕೆ ಕಳಿಸೋಣವೆಂದು ಗೋಡೆಯ ಮೊಳೆಗೆ ನೇತುಹಾಕಿದ್ದ ಕ್ಲಿಪ್ಪಿನ ಅಟ್ಟೆಗೆ ಸಿಕ್ಕಿಸಿದೆ. ಅದರ ಪಕ್ಕದಲ್ಲೇ ಸನಿಕೆ, ಬಾಂಡ್ಲಿ ತೂಗುಹಾಕುವ ಜಾಗ. ದಿನಾ ಬೆಳಗ್ಗೆ ಹನುಮವ್ವ ಸಾಮಾನು ತೆಗೆದುಕೊಳ್ಳುವುದೂ ಅಲ್ಲೇ. ಅವಳಿಗೆ ಓದಲು ಬರುವುದಿಲ್ಲ ಅನ್ನುವ ಧೈರ್ಯ ನನಗೆ. ಗೇಟಿನ ಮಿಷನ್ನಿನಲ್ಲಿ ಅವಳು ಹೆಬ್ಬೆಟ್ಟು ಒತ್ತುವುದನ್ನು ದಿನಾ ನೋಡುತ್ತಿದ್ದೆನಲ್ಲ. ಇಂಜಿನಿಯರುಗಳೂ ಅದೇ ಮಿಷನ್ನಿಗೆ ಹೆಬ್ಬೆಟ್ಟೇ ಒತ್ತುತ್ತಿದ್ದರು ಅನ್ನುವುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಪಾಸಿನ ವಿಷಯವನ್ನು ಅವಳಿಗೆ ಬಾಯಲ್ಲಿ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ದೊಡ್ಡಾಕಿ ಒಂಬತ್ತನೇತ್ತ ಅದಾಳ್ರಿ" ಅಂದಳು, ಅಷ್ಟೇ. ಮಧ್ಯಾಹ್ನ ಮತ್ತೆ ಬಂದಳು.

"ಅಣ್ಣಾರ, ಒಂದ್ ಮಾತು ಕೇಳ್ತೀನಿ. ಎಂಟೂ ಮಡ್ಯಾಗ ಬೀನ್ಸ್ ತಿರುವಕೊಂಡೈತಿ. ಮೂಲಿಯೊಳಗಿನ ಜೋಳ ಮಾತ್ರ ನೆಟ್ಟಗ ನಿಂತೈತಿ. ಹುಲ್ಲಿನ ಜಾತೀನ ಬಿಟ್ಟು ಅಗಲ ಎಲಿ ಜಾತೀಗಷ್ಟ ಬರೂ ರೋಗ ಯಾವುದ್ರಿ ಅದು?"

ಆ ಮಾತು ಔಷಧಿ ಬಾಟಲಿಯ ಮೇಲೆ ಬರೆದಿರುವಂಥದ್ದೇ. ಇಪ್ಪತ್ತು ವರ್ಷ ಆ ಔಷಧಿ ಹೊಡೆದವನಿಗೆ ಕಾಣದ್ದು, ಅದರ ಹೆಸರೂ ಗೊತ್ತಿಲ್ಲದ ಅವಳ ಕಣ್ಣಿಗೆ ಕಂಡಿತ್ತು. ಅವಳ ಮುಖವನ್ನೇ ನೋಡದೆ, "ಏನೋ ರೋಗ. ಈ ವರ್ಸ ಎಲ್ಲಾ ಕಡೆ ಅಂಗೇ ಐತೆ" ಅಂದುಬಿಟ್ಟೆ.

ಹನ್ನೊಂದು ದಿನ ಸುಮ್ಮನಿದ್ದೆ. ಹೇಳಿದರೆ ನನ್ನ ಕೆಲಸ ಹೋದೀತು ಅನ್ನುವ ಭಯ ಒಂದು. ಕೇಬಲ್ಲು ಕಡಿದವನು ಇದನ್ನೂ ಮಾಡಿದನಂತೆ ಅಂತ ಇಡೀ ಕ್ಯಾಂಪಸ್ಸು ನಗುತ್ತದೆ ಅನ್ನುವ ಅವಮಾನ ಇನ್ನೊಂದು. ಬಸ್ಸಿನಲ್ಲಿ ಅವಳು ಕಂಡರೆ ನಾನು ಮುಂದಿನ ಬಸ್ಸಿಗೆ ನಿಲ್ಲುತ್ತಿದ್ದೆ. ಅಷ್ಟೂ ದಿನ ಅವಳು ತೋಟದ ಕೆಲಸವನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಇನ್ನು ಕೆಲವೇ ದಿನದಲ್ಲಿ ಹೊರಗೆ ಹೋಗುವವಳು ಮೊದಲ ನಾಲ್ಕು ಮಡಿಗಳಿಗೆ ಹೊಸದಾಗಿ ಎಲೆ ಹೊದಿಸುತ್ತಿದ್ದಳು.

ಹನ್ನೊಂದನೆಯ ದಿನ ಬೆಳಗ್ಗೆ ಅವಳು ಎರಡು ಪೇಂಟ್ ಬಕೆಟ್ಟುಗಳನ್ನು ತಂದು ಶೆಡ್ಡಿನ ಮೇಜಿನ ಮೇಲೆ ಇಟ್ಟಳು. ಎರಡರಲ್ಲೂ ಒಂದೇ ಮಣ್ಣು, ಒಂದೇ ಅಲಸಂದೆ ಕಾಳು. ಒಂದಕ್ಕೆ ಎಲೆಗೊಬ್ಬರ ಬೆರೆಸಿದ್ದಳು, ಇನ್ನೊಂದಕ್ಕೆ ನನ್ನ ಲಾನಿನ ಗುಡ್ಡೆಯ ಹುಲ್ಲು. ಮೊದಲನೆಯದರಲ್ಲಿ ಸಸಿಗಳು ಅಂಗೈ ಅಗಲಿಸಿದಂತೆ ಎಲೆ ಬಿಟ್ಟಿದ್ದವು. ಎರಡನೆಯದರಲ್ಲಿ ಐದಕ್ಕೆ ಐದೂ ತಿರುಚಿಕೊಂಡಿದ್ದವು.

ನಾನು ಎರಡೂ ಬಕೆಟ್ಟುಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. "ಮೇಡಂಗೆ ತೋರ್ಸಿದ್ಯಾ?" ಅಂದೆ.

"ಇಲ್ರಿ."

"ಯಾಕೆ?"

"ನಾ ತೋರ್ಸಿದ್ರ, ತನ್ನ ತಪ್ಪು ಮುಚ್ಕೊಳ್ಳಾಕ ಆಟ ಹೂಡ್ಯಾಳ ಅಂತಾರ್ರಿ. ನೀವು ಹೇಳಿದ್ರ ನಂಬ್ತಾರ. ನೀವು ಹೇಳ್ತೀರಿ ಅಂತ ಗೊತ್ತೈತಿ ನನಗ."

ಎರಡು ಬಕೆಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದು ಸರ್ವಿಸ್ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋದೆ. ಬಕೆಟ್ಟಿನ ತಳದ ತೂತಿನಿಂದ ಕಾರ್ಪೆಟ್ಟಿನ ಮೇಲೆಲ್ಲಾ ನೀರು ತೊಟ್ಟಿಕ್ಕಿತು. ವಸುಧಾ ಮೇಡಂ ತಲೆಯೆತ್ತಿ ನೋಡಿದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಔಷಧಿ, ಸಿಕ್ಕಿಸದ ಬಾವುಟ, ನಾನೇ ಕಳಿಸಿದ ಎರಡು ಟ್ರೈಲರ್ ಹುಲ್ಲು. ಅವರು ಎರಡೂ ಬಕೆಟ್ಟಿನ ಎಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಿಮಗಿದು ಯಾವಾಗ ಗೊತ್ತಾಯ್ತು?"

ಇವತ್ತು ಅನ್ನಬಹುದಿತ್ತು. "ಹನ್ನೊಂದು ದಿನ ಆಯ್ತು ಮೇಡಂ" ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. "ಔಷಧಿ ಬೀರು ಕೀ ಕೊಡಿ" ಅಂದರು. ಕೊಟ್ಟೆ. "ಇನ್ಮೇಲೆ ನನ್ನನ್ನ ಕೇಳದೆ ಒಂದು ಹನಿ ಹೊಡೆಯೋ ಹಾಗಿಲ್ಲ. ಹನುಮವ್ವನ ಪಾಸ್ ವಾಪಸ್ ತಗೊಳ್ಳೋದು ಬೇಡ. ಅದನ್ನ ಅವರಿಗೆ ನಾನು ಹೇಳಲ್ಲ, ಕೆಳಗೆ ಹೋಗಿ ನೀವೇ ಹೇಳಿ." ನನ್ನನ್ನು ಕೆಲಸದಿಂದ ತೆಗೆಯಬಹುದಾಗಿದ್ದ ಆ ಹೆಂಗಸು ಅಷ್ಟರಲ್ಲೇ ಬಿಟ್ಟರು. ಅವರ ದೊಡ್ಡತನವನ್ನು ನಾನು ಇಂದಿಗೂ ನೆನೆಯುತ್ತೇನೆ.

ಕೆಳಗೆ ಬಂದು ಹನುಮವ್ವನಿಗೆ ಹೇಳಿದೆ. "ತಪ್ಪಾಯ್ತು ಕಣಮ್ಮ" ಅಂದೆ. ಅವಳು ನೀರಿನ ಪೈಪು ಕೆಳಗಿಟ್ಟಳು. "ಆತು ಬಿಡ್ರಿ" ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಎಂಟು ಮಡಿಗಳನ್ನೂ ನಾನೊಬ್ಬನೇ ಬರಿದುಮಾಡಿ ಕೊಡುತ್ತೇನೆ ಅಂತ ಸನಿಕೆ ಎತ್ತಿದೆ. ಅವಳು ಅಡ್ಡ ನಿಂತಳು.

"ಬ್ಯಾಡ್ರಿ, ಅಗಿಬ್ಯಾಡ್ರಿ! ಜೋಳಕ್ಕ ಏನೂ ಆಗಿಲ್ಲಲ್ರಿ? ಎಂಟಕ್ಕೂ ಜೋಳಾನ ಹಾಕೋಣ. ಒಂದು ಬೆಳಿ ಬಂದು ಹೋಗೂದ್ರಾಗ ಮಣ್ಣು ಆ ವಿಷಾನ ಅರಗಿಸ್ಕೋತೈತಿ."

ಹಾಗೇ ಮಾಡಿದೆವು. ಗಾಜಿನ ಕಟ್ಟಡಗಳ ನಡುವೆ ಬಿಳಿಜೋಳ ಆಳೆತ್ತರ ಬೆಳೆದು ತೆನೆ ತೂಗಿತು. ಎಳ್ಳಮಾವಾಸ್ಯೆಯ ದಿನ ಹನುಮವ್ವ ಮಕ್ಕಳಿಬ್ಬರನ್ನೂ ಮೇಡಂ ಅವರ ಅಪ್ಪಣೆ ಪಡೆದು ಕರೆತಂದಳು. ಸಜ್ಜೆರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಅವರ ಕಡೆ ಆ ದಿನ ಬೆಳೆದ ಹೊಲಕ್ಕೆ ಅಡಿಗೆಯ ಎಡೆಯನ್ನು ಎರಚುತ್ತಾರೆ, ಚರಗ ಚೆಲ್ಲುವುದು ಅನ್ನುತ್ತಾರೆ. ಅವಳು ಹನ್ನೆರಡು ಮಡಿಗಳ ಸುತ್ತ ಚರಗ ಚೆಲ್ಲುತ್ತಿದ್ದರೆ, ಐದನೇ ಮಹಡಿಯಿಂದ ವಿಜಯಪುರದ ಕಡೆಯ ಒಬ್ಬ ಇಂಜಿನಿಯರ್ ಇಳಿದು ಬಂದು, ಕೊರಳ ಐಡಿ ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಅಕ್ಕಾ, ನನಗೂ ಒಂದ್ ಮುಷ್ಟಿ ಕೊಡ್ರಿ" ಅಂದ. ಜೋಳ ಕೊಯ್ದ ಮೇಲೆ ಬುಡ ಕೀಳದೆ ಕತ್ತರಿಸಿ, ಬೇರುಗಳನ್ನು ಒಳಗೇ ಬಿಟ್ಟಳು. ಮಣ್ಣು ತೆಗೆದು ಬಕೆಟ್ಟಿನಲ್ಲಿ ಅಲಸಂದೆ ಹಾಕಿ ನೋಡಿದೆವು. ಐದೂ ಎಲೆ ಅಗಲಿಸಿದವು. ಆಮೇಲೆಯೇ ಆ ಎಂಟು ಮಡಿಗಳಿಗೆ ಬೀನ್ಸು ಬಿತ್ತಿದ್ದು.

ಫೋನ್ ಮಾಡುವ ಹೊಸಬರೇ, ಬಕೆಟ್ಟಿನ ಪಾಠ ಇಷ್ಟೇ. ಹುಲ್ಲು, ಗೊಬ್ಬರ, ಮಣ್ಣು, ಯಾರು ಎಷ್ಟು ಪ್ರೀತಿಯಿಂದ ಕೊಟ್ಟರೂ ಮಡಿಗೆ ಸುರಿಯುವ ಮೊದಲು ಐದು ಅಲಸಂದೆ ಕಾಳು ಹಾಕಿ ಹತ್ತು ದಿನ ಕಾಯಿರಿ. ಕೊಟ್ಟವನು ನನ್ನಂಥ ಸೂಪರ್‌ವೈಸರ್ ಆಗಿದ್ದರಂತೂ ತಪ್ಪದೆ ಕಾಯಿರಿ.

ಆ ಫಾರಂ ಮೇಲಕ್ಕೆ ಹೋಗಲಿಲ್ಲ. ಹರಿದುಹಾಕಲು ಅಂತ ಅಟ್ಟೆಯಿಂದ ತೆಗೆದವನು ಹರಿಯಲಾರದೆ ಬೀಜದ ರಿಜಿಸ್ಟರಿನೊಳಗೆ ಮಡಿಸಿಟ್ಟೆ. ವರ್ಷಗಟ್ಟಲೆ ಅಲ್ಲೇ ಇತ್ತು. ಬೀಜ ಲೆಕ್ಕ ಹಾಕುವಾಗ ಕೈಗೆ ತಾಕಿದರೆ ಮುಖ ಬಿಸಿಯಾಗುತ್ತಿತ್ತು.

ನನ್ನ ಕೆಲಸದ ಕೊನೆಯ ದಿನ ಹನುಮವ್ವ ಹದಿಮೂರನೆಯ ಮಡಿಗೆ ರಟ್ಟು ಹಾಸುತ್ತಿದ್ದಳು. ಹಾರ, ಕೇಕು ಎಲ್ಲ ಮುಗಿಸಿಕೊಂಡು ರಿಜಿಸ್ಟರ್ ಅವಳ ಕೈಗೊಪ್ಪಿಸಲು ಹೋದೆ. ಇನ್ನು ತೋಟ ಅವಳದೇ, ಲೆಕ್ಕ ಬರೆಯಲು ಮಗಳಿದ್ದಾಳಲ್ಲ ಅಂದುಕೊಂಡಿದ್ದೆ. ಫಾರಮ್ಮನ್ನು ಹೊರಗೆ ತೆಗೆದು, "ಹನುಮವ್ವ, ಇದೊಂದನ್ನ ನಿಂಗೆ ಓದಿ ಹೇಳ್ದಲೆ ಓಗ್ಬಿಟ್ರೆ ನಂಗೆ ಸಮಾಧಾನ ಆಗಕಿಲ್ಲ. ಆವತ್ತು ನಿನ್ನ ಮ್ಯಾಲೆ ನಾನು ಬರ್ದಿದ್ದು" ಅಂದೆ. ಕನ್ನಡಕ ಹಾಕಿಕೊಂಡು ಓದತೊಡಗಿದೆ: "ಅಗೆಯದೆ ಮಡಿ ಮಾಡಿ ಬೆಳೆ..."

"ಹಾಳು ಮಾಡಿರುತ್ತಾರೆ. ಇವರ ಅಗತ್ಯ ಇರುವುದಿಲ್ಲ" ಅಂತ ಅವಳು ತಲೆಯೆತ್ತದೆಯೇ ಮುಗಿಸಿದಳು.

ನಾನು ಕನ್ನಡಕ ತೆಗೆದೆ.

"ಏಳನೇತ್ತ ಓದೇನ್ರಿ ಅಣ್ಣಾರ. ಬಾಂಡ್ಲಿ ತಗೊಳ್ಳಾಕ ಬಂದಾಗ ದಿನಾ ಕಣ್ಣಿಗೆ ಬೀಳ್ತಿತ್ತು."

ಹಾಗಾದರೆ ಆ ಎರಡು ಬಕೆಟ್ಟುಗಳನ್ನು ನನ್ನ ಮೇಜಿನ ಮೇಲಿಟ್ಟಾಗ, ನೀವು ಹೇಳ್ತೀರಿ ಅಂತ ಗೊತ್ತೈತಿ ಅಂದಾಗ, ಅದನ್ನು ಓದಿಯೇ ಅಂದಿದ್ದಳು. ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ಕೊಡ್ರಿ ಇಲ್ಲೆ" ಅಂದಳು. ಫಾರಮ್ಮನ್ನು ತೆಗೆದುಕೊಂಡು, ಪಿನ್ನು ಕಿತ್ತು ಪಕ್ಕಕ್ಕಿಟ್ಟು, ಕಾಗದವನ್ನು ನಾಲ್ಕು ಚೂರು ಮಾಡಿ ನೀರಿನಲ್ಲಿ ಅದ್ದಿದಳು. ಎರಡು ರಟ್ಟುಗಳ ನಡುವೆ ಒಂದು ಸಂದು ಉಳಿದಿತ್ತು. ಚೂರುಗಳನ್ನು ಅದರ ಮೇಲೆ ಒಂದೊಂದಾಗಿ ಹಾಸಿ, ಅಂಗೈಯಿಂದ ಒತ್ತಿದಳು.

"ಎಲಿ ತರ್ರಿ" ಅಂದಳು. ನಾನು ಹೋಗಿ ಒಂದು ಮಂಕರಿ ಎಲೆ ತಂದು ಸುರಿದೆ.